ಆಕಾಶದಲ್ಲಿ ನಲವತ್ತು ನಿಮಿಷ, ಮಿಕ್ಕಿದ್ದು ಹೆಬ್ಬಾಳದಲ್ಲಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ 305 ಕಿಲೋಮೀಟರ್ ಆಸುಪಾಸು. ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿ ಉತ್ತರ. ದೇವನಹಳ್ಳಿಯಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿ, ಒಂಚೂರು ಎಡಕ್ಕೆ ವಾಲಿಕೊಂಡು ಸೀದಾ ಹೊರಟರೆ ಬಜಪೆ ಗುಡ್ಡಕ್ಕೇ ಹೋಗಿ ಮುಟ್ಟುತ್ತೀರಿ. ದಾರಿಯಲ್ಲಿ ನೆಲಮಂಗಲ, ಕುಣಿಗಲ್ ಕಡೆಯ ಬಯಲು, ಹಾಸನ, ಆಮೇಲೆ ಸಕಲೇಶಪುರ–ಮೂಡಿಗೆರೆ ನಡುವಿನ ಕಾಫಿ ತೋಟಗಳು, ಘಟ್ಟ, ಬೆಳ್ತಂಗಡಿ. ರಸ್ತೆಯಲ್ಲಿ ಹೋದರೆ 350 ಕಿಲೋಮೀಟರ್. ಹೆಚ್ಚೇನೂ ವ್ಯತ್ಯಾಸ ಇಲ್ಲ ಅಲ್ವಾ? ಘಟ್ಟ ಇಳಿಯುವ ರಸ್ತೆ ಇಷ್ಟು ನೇರವಾಗಿರುವುದೇ ಆಶ್ಚರ್ಯ.

ಆದರೆ ಸಮಯ ಕೇಳಿದರೆ ಕಥೆ ಬೇರೆ. ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಐದು-ಹತ್ತು ನಿಮಿಷ ಅಂತ ಇರುತ್ತದೆ. ನೆಲ ಬಿಟ್ಟು ನೆಲ ಮುಟ್ಟುವವರೆಗೆ ನಲವತ್ತು ನಿಮಿಷದ ಆಸುಪಾಸು. ನಮ್ಮ ಬನಶಂಕರಿ ಮನೆಯ ಬಾಗಿಲಿಗೆ ಬೀಗ ಹಾಕಿ, ಕಿನ್ನಿಗೋಳಿಯ ಅಮ್ಮನ ಮನೆಯ ಅಂಗಳದಲ್ಲಿ ಚಪ್ಪಲಿ ಬಿಡುವವರೆಗೆ ಐದೂವರೆ ಗಂಟೆ. ಮೂರೂ ಲೆಕ್ಕ ಸರಿಯೇ. ಯಾರು ಯಾವುದನ್ನು ಹೇಳುತ್ತಿದ್ದಾರೆ ಅನ್ನುವುದಷ್ಟೇ ಪ್ರಶ್ನೆ.

ಆಫೀಸಿನಲ್ಲಿ ಯಾರಾದರೂ "ನಿಮಗೇನು, ಫ್ಲೈಟ್ ಹತ್ತಿದರೆ ಒಂದು ಗಂಟೆ" ಅಂದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಈ ಬರಹ. ಲೆಕ್ಕಪತ್ರ ನೋಡುವುದು ನನ್ನ ಕೆಲಸ, ಹಾಗಾಗಿ ಈ ಒಂದು ಗಂಟೆಯನ್ನೂ ಬಿಡಿಸಿ ನೋಡದೆ ಇರಲು ಆಗುವುದಿಲ್ಲ.

ಮೊದಲು ಆ ಟಿಕೆಟ್ಟಿನ ಸಮಯ. ಅದು ಹಾರುವ ಸಮಯ ಅಲ್ಲ. ಇಲ್ಲಿ ನಿಂತ ಜಾಗ ಬಿಟ್ಟು ವಿಮಾನ ಕದಲಿದ ಕ್ಷಣದಿಂದ, ಅಲ್ಲಿ ನಿಲ್ಲುವ ಜಾಗಕ್ಕೆ ಬಂದು ನಿಂತ ಕ್ಷಣದವರೆಗಿನ ಸಮಯ. ಬ್ಲಾಕ್ ಟೈಮ್ ಅನ್ನುತ್ತಾರೆ. ಅದರೊಳಗೆ ಹಿಂದಕ್ಕೆ ತಳ್ಳುವುದು, ಎಂಜಿನ್ ಚಾಲೂ ಮಾಡುವುದು, ಟ್ಯಾಕ್ಸಿವೇ ಮೇಲೆ ಉರುಳಿಕೊಂಡು ಹೋಗುವುದು, ಮುಂದಿರುವ ವಿಮಾನಗಳ ಹಿಂದೆ ಸಾಲಲ್ಲಿ ನಿಲ್ಲುವುದು, ಎಲ್ಲ ಸೇರಿದೆ. ದೇವನಹಳ್ಳಿಯಲ್ಲಿ ಈಗ ಎರಡು ರನ್‌ವೇ. ಎರಡನೆಯದು 2019ರ ಡಿಸೆಂಬರಿನಲ್ಲಿ ಶುರುವಾಯಿತು. ಎರಡೂ ನಾಲ್ಕು ಸಾವಿರ ಮೀಟರ್ ಉದ್ದ. ನಿಲ್ದಾಣ ದೊಡ್ಡದಾದಷ್ಟೂ ನೆಲದ ಮೇಲಿನ ಓಡಾಟ ಜಾಸ್ತಿ. ಕೆಲವು ಸಲ ಕಿಟಕಿಯಿಂದ ನೋಡುತ್ತಾ ಕೂತರೆ, ಇವನು ಮಂಗಳೂರಿಗೆ ರಸ್ತೆ ಮೇಲೇ ಹೊರಟುಬಿಟ್ಟನೇನೋ ಅನ್ನಿಸುತ್ತದೆ.

ಜೊತೆಗೆ ವಿಮಾನ ಕಂಪನಿಗಳು ಒಂದಿಷ್ಟು ನಿಮಿಷ ಉಳಿಕೆ ಇಟ್ಟುಕೊಂಡೇ ವೇಳಾಪಟ್ಟಿ ಮಾಡುತ್ತವೆ. ಹೇಳಿದ ಸಮಯಕ್ಕಿಂತ ಹದಿನೈದು ನಿಮಿಷದೊಳಗೆ ಬಂದರೆ ಅದು "ಸಮಯಕ್ಕೆ ಸರಿಯಾಗಿ" ಬಂದ ಹಾಗೆ ಲೆಕ್ಕ. ಹೊರಡುವಾಗ ಇಪ್ಪತ್ತು ನಿಮಿಷ ತಡವಾದ ವಿಮಾನ ಬಜಪೆಯಲ್ಲಿ ಬರೀ ಐದು ನಿಮಿಷ ತಡವಾಗಿ ಇಳಿದಾಗ, ಪೈಲಟ್ ಜೋರಾಗಿ ಓಡಿಸಿದ ಅಂತ ಪಕ್ಕದ ಸೀಟಿನವರು ಮೆಚ್ಚುಗೆಯಿಂದ ಹೇಳುವುದನ್ನು ಕೇಳಿದ್ದೇನೆ. ಹಾಗೇನಿಲ್ಲ. ಆ ನಿಮಿಷಗಳು ಮೊದಲೇ ಡಬ್ಬಿಯಲ್ಲಿದ್ದವು.

ಇನ್ನು ಆಕಾಶದ ನಲವತ್ತು ನಿಮಿಷ. ಇದರಲ್ಲೊಂದು ಚಂದದ ವಿಷಯ ಇದೆ. ಈ ಮಾರ್ಗದಲ್ಲಿ ಎರಡು ಬಗೆಯ ವಿಮಾನ ಓಡುತ್ತವೆ. ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ಒಂದು, ದೊಡ್ಡ ಜೆಟ್ ಇನ್ನೊಂದು. ಎಟಿಆರ್ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಜೆಟ್ಟಿನದು 800 ದಾಟುತ್ತದೆ. ಶಾಲೆಯ ಲೆಕ್ಕದ ಪ್ರಕಾರ 300 ಕಿಲೋಮೀಟರ್‌ಗೆ ಎಟಿಆರ್ 36 ನಿಮಿಷ, ಜೆಟ್ 22 ನಿಮಿಷ ತೆಗೆದುಕೊಳ್ಳಬೇಕು. ಎಂಟನೇ ಕ್ಲಾಸಿನ ನನ್ನ ಮಗ ಇದನ್ನೇ ಹಿಡಿದುಕೊಂಡು ವಾದ ಮಾಡಿದ್ದ. ಆದರೆ ಯಾವ ವಿಮಾನವೂ ಆ ವೇಗದಲ್ಲಿ ಪೂರ್ತಿ ದಾರಿ ಹೋಗುವುದಿಲ್ಲ. ಇಳಿಯುವುದಕ್ಕೆ ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ದೂರ ಬೇಕು. ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿದ್ದರೆ ಅರವತ್ತು ನಾಟಿಕಲ್ ಮೈಲಿ, ಅಂದರೆ 110 ಕಿಲೋಮೀಟರ್ ಮೊದಲೇ ಇಳಿಯಲು ಶುರು ಮಾಡಬೇಕು. ಹತ್ತುವುದಕ್ಕೂ ಹತ್ತಿರ ಹತ್ತಿರ ಅಷ್ಟೇ ದೂರ ಹೋಗುತ್ತದೆ. 305ರಲ್ಲಿ ಇವೆರಡನ್ನು ಕಳೆದರೆ ನಡುವೆ ಮಟ್ಟಸವಾಗಿ ಹಾರಲು ಉಳಿಯುವುದು ನೂರು ಕಿಲೋಮೀಟರಿಗಿಂತ ಕಮ್ಮಿ. ಜೆಟ್ಟು ತನ್ನ ಶಕ್ತಿ ತೋರಿಸುವಷ್ಟರಲ್ಲಿ ಹಾಸನ ದಾಟಿರುತ್ತದೆ, ಇಳಿಯುವ ಹೊತ್ತು ಬಂದಿರುತ್ತದೆ. ಅದಕ್ಕೇ ಎರಡಕ್ಕೂ ನಿಜವಾದ ವ್ಯತ್ಯಾಸ ಹತ್ತು ನಿಮಿಷವೂ ಕಷ್ಟ.

ಇದರ ಬಿಸಿ ತಟ್ಟುವುದು ಪಾಪ ಗಗನಸಖಿಯರಿಗೆ. ಸೀಟ್ ಬೆಲ್ಟ್ ದೀಪ ಆರಿದ ತಕ್ಷಣ ಗಾಡಿ ತಳ್ಳಿಕೊಂಡು ಓಡೋಡಿ ಬರುತ್ತಾರೆ. ಮುಂದಿನ ಸಾಲಿನವರು ಗೋಡಂಬಿ ಡಬ್ಬಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನವರಿಗೆ "ಸಾರಿ, ಇಳಿಯುವ ಸಮಯ ಆಯಿತು" ಅನ್ನುತ್ತಾರೆ. ಕಾಫಿ ಬೇಕಿದ್ದರೆ ಮೊದಲ ಆರು ಸಾಲಿನೊಳಗೆ ಸೀಟು ಹಿಡಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಾಫಿ ಅಷ್ಟೇನೂ ಚೆನ್ನಾಗಿರುವುದಿಲ್ಲ, ಅದು ಬೇರೆ ಮಾತು. ಕಾಫಿ ಬೆಳೆಯುವ ಸೀಮೆಯ ನೆತ್ತಿಯ ಮೇಲೆ ಕೂತು ಪುಡಿ ಕಲಸಿದ ಕಾಫಿ ಕುಡಿಯುವುದು ಇನ್ನೂ ಬೇರೆ ಮಾತು.

ಅದೇ ವಿಮಾನ, ಅದೇ ಮಾರ್ಗ, ಆದರೂ ಒಂದೊಂದು ಕಾಲದಲ್ಲಿ ಒಂದೊಂದು ಸಮಯ ಯಾಕೆ ಅಂತ ಬಹಳ ದಿನ ನನಗೆ ಗೊತ್ತಾಗಿರಲಿಲ್ಲ. ಕಾರಣ ಗಾಳಿ. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ. ಹಾಗಾಗಿ ವಿಮಾನ ಪಶ್ಚಿಮಕ್ಕೇ ಓಡಿ ಏರುತ್ತದೆ, ಮೂಗು ನೇರ ಮಂಗಳೂರಿಗೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ. ಆಗ ಹೊಸಕೋಟೆ, ಕೋಲಾರದ ಕಡೆಗೆ ಏರಿ, ಆಮೇಲೆ ದೊಡ್ಡದೊಂದು ತಿರುವು ತೆಗೆದುಕೊಂಡು ಪಶ್ಚಿಮಕ್ಕೆ ಬರಬೇಕು. ಊರಿಗೆ ಹೊರಟವರು ಬೆನ್ನು ತಿರುಗಿಸಿ ಓಡಿದ ಹಾಗೆ.

ಬಜಪೆ ತುದಿಯಲ್ಲೂ ಹೀಗೇ. ಅಲ್ಲಿನ ರನ್‌ವೇ ಈಶಾನ್ಯದಿಂದ ನೈಋತ್ಯಕ್ಕೆ ಚಾಚಿಕೊಂಡಿದೆ. ಈಶಾನ್ಯದ ಕಡೆಯಿಂದ ಇಳಿದರೆ, ಅಂದರೆ ಮೂಡುಬಿದಿರೆ ಕಡೆಯ ಗುಡ್ಡಗಳ ಮೇಲಿಂದ ಬಂದರೆ, ಬೆಂಗಳೂರಿನಿಂದ ಬರುವವರಿಗೆ ದಾರಿ ಹತ್ತಿರ. ಗಾಳಿ ನೋಡಿಕೊಂಡು ಇನ್ನೊಂದು ತುದಿಯಿಂದ ಇಳಿಸಬೇಕಾದರೆ ವಿಮಾನ ಊರನ್ನು ದಾಟಿ ಸಮುದ್ರದ ಮೇಲೆ ಹೋಗಿ ತಿರುಗಿ ಬರಬೇಕು. ಆಗ ಕೆಲವು ನಿಮಿಷ ಜಾಸ್ತಿ. ಆದರೆ ನನಗೆ ಅದೇ ಇಷ್ಟ. ಪಣಂಬೂರು ಬಂದರಿನ ಹಡಗುಗಳು, ತಣ್ಣೀರುಬಾವಿಯ ಮರಳು, ಕೆಂಪು ಹೆಂಚಿನ ಮನೆಗಳು, ತೆಂಗು, ಮತ್ತೆ ತೆಂಗು. ಬೆಂಗಳೂರಿನಿಂದ ಹೊರಟ ಬಟ್ಟೆಯಲ್ಲೇ ಸಮುದ್ರ ನೋಡಿದ ಹಾಗೂ ಆಗುತ್ತದೆ.

ಮಳೆಗಾಲದಲ್ಲಿ ಗಾಳಿ ಅನುಕೂಲವಾಗಿರುತ್ತದೆ, ದಾರಿ ಅತಿ ಚಿಕ್ಕದಾಗಿರುತ್ತದೆ. ಆದರೆ ತಲುಪುತ್ತೀರೋ ಇಲ್ಲವೋ ಅನ್ನುವ ಖಾತ್ರಿ ಆಗಲೇ ಕಮ್ಮಿ. ಬಜಪೆಯದು ಟೇಬಲ್‌ಟಾಪ್ ರನ್‌ವೇ. ಗುಡ್ಡದ ನೆತ್ತಿ ಸವರಿ ಮಾಡಿದ್ದು, ಎರಡೂ ತುದಿಯಲ್ಲಿ ಕಣಿವೆ. 1951ರ ಡಿಸೆಂಬರ್ 25ರಂದು ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ್ದ ಹಳೆಯ ರನ್‌ವೇ 1,615 ಮೀಟರ್ ಇತ್ತು. 2006ರಲ್ಲಿ ಬಂದ ಈಗಿನದು 2,450 ಮೀಟರ್. ದೇವನಹಳ್ಳಿಯ ನಾಲ್ಕು ಸಾವಿರದ ಮುಂದೆ ಇದು ಚಿಕ್ಕದೇ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, 8 ಜನ ಬದುಕಿದರು. ನಮ್ಮ ಕಡೆ ಆ ದಿನ ಎಲ್ಲಿದ್ದೆವು ಅಂತ ನೆನಪಿಲ್ಲದವರು ಸಿಗುವುದು ಕಷ್ಟ. ಊರಲ್ಲಿ ಪರಿಚಯದವರ ಪೈಕಿ ಯಾರೋ ಒಬ್ಬರು ಅದರಲ್ಲಿದ್ದರು ಅನ್ನುವ ಮನೆ ಎಷ್ಟೋ.

ಅದಕ್ಕೇ ಪೈಲಟ್ ಇಳಿಸುವುದು ಬೇಡ ಅಂತ ಮತ್ತೆ ಮೇಲೆ ಎತ್ತಿದಾಗ ನಾನು ಗೊಣಗುವುದಿಲ್ಲ. ಒಂದು ಜುಲೈನಲ್ಲಿ ಹಾಗೇ ಆಯಿತು. ಕಿಟಕಿಯ ಹೊರಗೆ ಬರೀ ಬಿಳಿ. ಚಕ್ರ ಹೊರಬಂದ ಸದ್ದು ಕೇಳಿತು. ಒಂದು ಕ್ಷಣ ಕೆಳಗೆ ಅಡಿಕೆ ತೋಟ ಕಂಡಿತು, ಒದ್ದೆ ಎಲೆ ಕಾಣುವಷ್ಟು ಹತ್ತಿರ. ತಕ್ಷಣ ಎಂಜಿನ್ ಗುಡುಗಿತು, ಬೆನ್ನು ಸೀಟಿಗೆ ಒತ್ತಿತು, ಮತ್ತೆ ಬಿಳಿ. ಯಾರೂ ಮಾತಾಡಲಿಲ್ಲ. ಆಮೇಲೆ ಪೈಲಟ್ ಶಾಂತವಾಗಿ ಹೇಳಿದರು, ರನ್‌ವೇ ಕಾಣಲಿಲ್ಲ, ಸ್ವಲ್ಪ ಹೊತ್ತು ಸುತ್ತು ಹಾಕಿ ನೋಡುತ್ತೇವೆ ಅಂತ. ಸುತ್ತು ಹಾಕಿದೆವು. ಮಳೆ ಬಿಡಲಿಲ್ಲ. ವಾಪಸ್ ಬೆಂಗಳೂರಿಗೇ ಬಂದೆವು. ಎರಡು ಗಂಟೆಗೂ ಜಾಸ್ತಿ ಹಾರಾಟ, ಆರುನೂರು ಕಿಲೋಮೀಟರ್ ದಾಟಿದ ಪ್ರಯಾಣ, ಹೊರಟ ಜಾಗಕ್ಕೇ. ಹಿಂದಿನ ಸಾಲಿನಲ್ಲಿದ್ದ ಸುರತ್ಕಲ್‌ನ ಹಿರಿಯರೊಬ್ಬರು ಫೋನ್ ಆನ್ ಮಾಡಿ ಮನೆಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಹಾಂ, ಊರು ನೋಡಿ ಬಂದೆ. ಇಳೀಲಿಕ್ಕೆ ಬಿಡ್ಲಿಲ್ಲ ಮಾರಾಯ್ತಿ."

ಬಜಪೆಯಲ್ಲಿ ಇಳಿಯಲು ಆಗದಿದ್ದರೆ ಬೆಂಗಳೂರಿಗೇ ಬರಬೇಕೆಂದಿಲ್ಲ. ಕೊಚ್ಚಿಗೋ ಕಣ್ಣೂರಿಗೋ ಹೋಗುವುದೂ ಉಂಟು. ಕಣ್ಣೂರಿನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಅದೂ ಒಂದು ದಾರಿಯಾಯಿತು. ಆದರೆ ಅಲ್ಲೂ ಅದೇ ಮಳೆ ಅಲ್ವಾ? ಅರಬ್ಬಿ ಸಮುದ್ರದಿಂದ ಬರುವ ಮೋಡ ಗಡಿ ನೋಡಿ ಸುರಿಯುವುದಿಲ್ಲ.

ಈಗ ನೆಲದ ವಿಷಯಕ್ಕೆ ಬರೋಣ, ಅಸಲು ಕಥೆ ಇರುವುದು ಅಲ್ಲೇ.

2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನ ಹಾರುತ್ತಿದ್ದುದು ಎಚ್‌ಎಎಲ್‌ನಿಂದ. ಎಚ್‌ಎಎಲ್‌ನಿಂದ ಬಜಪೆಗೆ ಲೆಕ್ಕ ಹಾಕಿದರೆ 300 ಕಿಲೋಮೀಟರ್ ಚಿಲ್ಲರೆ. ದೇವನಹಳ್ಳಿಯಿಂದ 305. ಅಂದರೆ ಆಕಾಶದ ದೂರ ಬದಲಾಗಲೇ ಇಲ್ಲ. ಬನಶಂಕರಿಯಿಂದ ಎಚ್‌ಎಎಲ್‌ಗೆ ಆಟೋದಲ್ಲಿ ಹೋಗಬಹುದಿತ್ತು. ದೇವನಹಳ್ಳಿಗೆ ನಲವತ್ತೈದು ಕಿಲೋಮೀಟರ್ ಹತ್ತಿರ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ ದಾಟಿ, ಹೊರಗೆ ಹೋಗಿ, ಮತ್ತೂ ಹೋಗಬೇಕು. ವಾಯುವಜ್ರ ಬಸ್ ಹತ್ತಿದರೆ ಕೂತ ಜಾಗದಲ್ಲೇ ಒಂದು ನಿದ್ದೆ ಆಗುತ್ತದೆ. ಎಚ್ಚರವಾದಾಗ ಎಲ್ಲಿದ್ದೀರಿ ಅಂತ ಕೇಳಲೇಬೇಡಿ. ಹೆಬ್ಬಾಳ.

ಹೆಬ್ಬಾಳದ ಫ್ಲೈಓವರ್ ಬಗ್ಗೆ ಬೆಂಗಳೂರಿನವರಿಗೆ ಹೊಸದಾಗಿ ಹೇಳುವುದೇನಿದೆ? ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಅದೊಂದು ರಸ್ತೆ. ಸಂಜೆ ಐದಕ್ಕೆ ಹೊರಟರೆ ಅದೇ ಒಂದು ಊರು. ನಾಲ್ಕು ಗಂಟೆಗೆ ಮನೆ ಬಿಟ್ಟರೆ ಒಂದು ಗಂಟೆಯಲ್ಲಿ ಟರ್ಮಿನಲ್ ಬಾಗಿಲಲ್ಲಿರುತ್ತೇನೆ. ಶುಕ್ರವಾರ ಸಂಜೆಯಾದರೆ ಎರಡು ಗಂಟೆ ಹಿಡಿದಿದ್ದೂ ಇದೆ. ವಿಮಾನ ಮಂಗಳೂರಿಗೆ ಹೋಗಿ, ಜನರನ್ನು ಇಳಿಸಿ, ಹೊಸಬರನ್ನು ಹತ್ತಿಸಿಕೊಂಡು ವಾಪಸ್ ಹೊರಡುವಷ್ಟು ಹೊತ್ತು. ಚೆಕ್‌ಇನ್ ಹೊರಡುವ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಗೇಟು ಇಪ್ಪತ್ತೈದು ನಿಮಿಷ ಮುಂಚೆ. ಹಾಗಾಗಿ ಟ್ರಾಫಿಕ್ಕಿಗೆ ಹೆದರಿ ಇನ್ನೂ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡುತ್ತೇವೆ. ಸಿಗದ ಟ್ರಾಫಿಕ್ಕಿನ ಅರ್ಧ ಗಂಟೆಯನ್ನು ಗೇಟಿನ ಮುಂದೆ ದುಬಾರಿ ಇಡ್ಲಿ ನೋಡುತ್ತಾ ಕಳೆಯುತ್ತೇವೆ.

ಬಜಪೆ ಕಡೆ ಹಾಗಿಲ್ಲ. ಸಣ್ಣ ನಿಲ್ದಾಣ. ಬೆಲ್ಟಿನಲ್ಲಿ ಬ್ಯಾಗು ಬರುವುದು ಸ್ವಲ್ಪ ತಡವಾದರೂ ಇಪ್ಪತ್ತು ನಿಮಿಷದಲ್ಲಿ ಹೊರಗಿರಬಹುದು. ಕಿನ್ನಿಗೋಳಿಗೆ ಹೋಗುವ ನನಗಂತೂ ಅದು ಅದೃಷ್ಟದ ಜಾಗ. ಮಂಗಳೂರು ಪೇಟೆಗೆ ಇಳಿಯುವ ಕೆಲಸವೇ ಇಲ್ಲ. ಬಜಪೆ, ಕಟೀಲು, ಕಿನ್ನಿಗೋಳಿ. ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ಕಟೀಲಿನಲ್ಲಿ ಜಾತ್ರೆಯೋ ಯಾವುದಾದರೂ ಮದುವೆಯೋ ಇದ್ದರೆ ಮಾತ್ರ ಸ್ವಲ್ಪ ನಿಲ್ಲಬೇಕು. ನಿಂತರೂ ಬೇಜಾರಿಲ್ಲ, ದೇವಸ್ಥಾನದ ಸುತ್ತ ಹರಿಯುವ ನಂದಿನಿ ನೋಡುತ್ತಾ ಕೂರಬಹುದು. ಪೇಟೆ ಕಡೆಯವರಿಗೆ ಮರವೂರು ಸೇತುವೆ ದಾಟಬೇಕು. 2021ರ ಜೂನ್‌ನಲ್ಲಿ ಆ ಸೇತುವೆ ಕುಸಿದು ಕೂತಾಗ ವಿಮಾನಕ್ಕೆ ಹೋಗುವವರೆಲ್ಲ ಸುತ್ತಿ ಬಳಸಿ ಹೋಗಬೇಕಾಯಿತು. ಆಕಾಶದಲ್ಲಿ ಏನೂ ಬದಲಾಗಿರಲಿಲ್ಲ. ಒಂದು ನದಿಯ ಮೇಲಿನ ಒಂದು ಕಂಬ ತಗ್ಗಿದ್ದಕ್ಕೆ ಬೆಂಗಳೂರು ಅಷ್ಟು ದೂರ ಹೋಯಿತು.

ನನ್ನ ಗಂಡನ ಮನೆ ಉಪ್ಪಿನಂಗಡಿ. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಉಪ್ಪಿನಂಗಡಿ ಇರುವುದು ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲೇ, ಮಂಗಳೂರಿಗಿಂತ ಐವತ್ತು ಕಿಲೋಮೀಟರ್ ಮೊದಲು. ರಾತ್ರಿ ಹತ್ತಕ್ಕೆ ಬಸ್ ಹತ್ತಿದರೆ ನಾಲ್ಕೂವರೆ-ಐದಕ್ಕೆ ಉಪ್ಪಿನಂಗಡಿ ಪೇಟೆಯಲ್ಲಿ ಇಳಿಸುತ್ತಾನೆ. ವಿಮಾನದಲ್ಲಿ ಹೋದರೆ? ಬನಶಂಕರಿಯಿಂದ ದೇವನಹಳ್ಳಿ ಒಂದೂಮುಕ್ಕಾಲು ಗಂಟೆ, ನಿಲ್ದಾಣದಲ್ಲಿ ಒಂದೂವರೆ, ಟಿಕೆಟ್ಟಿನ ಒಂದು ಗಂಟೆ ಹತ್ತು ನಿಮಿಷ, ಹೊರಬರಲು ಇಪ್ಪತ್ತು, ಅಲ್ಲಿಂದ ಬಿ.ಸಿ. ರೋಡ್, ಕಲ್ಲಡ್ಕ, ಮಾಣಿ ದಾಟಿ ಉಪ್ಪಿನಂಗಡಿಗೆ ಮತ್ತೆ ಒಂದೂಮುಕ್ಕಾಲು. ಕೂಡಿಸಿದರೆ ಆರೂವರೆ ಗಂಟೆ. ಬಸ್ಸಿನಷ್ಟೇ. ಕಲ್ಲಡ್ಕದಲ್ಲಿ ಹೆದ್ದಾರಿ ಕೆಲಸ ವರ್ಷಗಟ್ಟಲೆ ನಡೆಯಿತಲ್ಲ, ಆಗೆಲ್ಲ ಬಸ್ಸೇ ಗೆಲ್ಲುತ್ತಿತ್ತು.

ಅತ್ತೆಗೆ ಮಂಡಿ ನೋವು. ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಮಡಚಿ ಕೂರಲು ಆಗುವುದಿಲ್ಲ, ಸ್ಲೀಪರಿನ ಮೇಲೆ ಹತ್ತಿ ಇಳಿಯಲು ಇನ್ನೂ ಆಗುವುದಿಲ್ಲ. ಹಾಗಾಗಿ ಒಮ್ಮೆ ಬೆಂಗಳೂರಿನಿಂದ ವಾಪಸ್ ಹೋಗುವಾಗ ವಿಮಾನದಲ್ಲಿ ಕರೆದುಕೊಂಡು ಹೊರಟೆ. ಅವರಿಗೆ ಅದು ಮೊದಲ ವಿಮಾನ. ಗಾಲಿಕುರ್ಚಿ ಬೇಡ ಅಂತ ಹಟ ಮಾಡಿದರು, ಭದ್ರತಾ ತಪಾಸಣೆಯ ಸಾಲು ನೋಡಿದ ಮೇಲೆ ಕೂತರು. ಎಡಗಡೆ ಕಿಟಕಿ ಸೀಟು ಕೊಡಿಸಿದ್ದೆ. ನವೆಂಬರ್ ತಿಂಗಳು, ಆಕಾಶ ತಿಳಿಯಾಗಿತ್ತು. ಹಾಸನ ಬಂತೆನ್ನುವಾಗ ದಕ್ಷಿಣಕ್ಕೆ ಗೊರೂರಿನ ಹೇಮಾವತಿ ಜಲಾಶಯ ಹರಡಿಕೊಂಡಿದ್ದು ಕಂಡಿತು, ಅಂಚಿನಲ್ಲಿ ಕೆಂಪು ಮಣ್ಣಿನ ಗೆರೆ. ಆಮೇಲೆ ಹಸಿರು ಗಾಢವಾಗುತ್ತಾ ಹೋಯಿತು. ಗುಡ್ಡದ ಮೇಲೆ ಗುಡ್ಡ. ನಂತರ ಇದ್ದಕ್ಕಿದ್ದಂತೆ ನೆಲವೇ ಕೆಳಗೆ ಜಾರಿಹೋಯಿತು. ಘಟ್ಟ ಮುಗಿಯುವ ಆ ಅಂಚನ್ನು ಮೇಲಿನಿಂದಲೇ ನೋಡಬೇಕು. ಬಸ್ಸಿನಲ್ಲಿ ಶಿರಾಡಿ ಇಳಿಯುವಾಗ ತಿರುವಿನ ಮೇಲೆ ತಿರುವು, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ಮೇಲಿನಿಂದ ಅದು ಒಂದೇ ಗೋಡೆ. ಆಚೆ ಮಲೆನಾಡು, ಈಚೆ ನಮ್ಮ ಊರು.

"ಇದು ಘಾಟಿಯಾ?" ಅಂತ ಕೇಳಿದರು ಅತ್ತೆ.

"ಹೌದತ್ತೆ. ಇಳಿದಾಯ್ತು."

"ಹಾಗಾದ್ರೆ ನಮ್ಮ ಮನೆ?"

"ಎಡಗಡೆ, ಅಲ್ಲೆಲ್ಲೋ ಕೆಳಗೆ ಇರಬೇಕು. ಎರಡು ಹೊಳೆ ಸೇರುವಲ್ಲಿ ನೋಡಿ."

ಅವರು ಕನ್ನಡಕ ಒರೆಸಿಕೊಂಡು ಗಾಜಿಗೆ ಹಣೆ ಒತ್ತಿ ನೋಡಿದರು. ನೇತ್ರಾವತಿ, ಕುಮಾರಧಾರಾ ಸೇರುವ ಜಾಗ ಅಷ್ಟು ದೂರದಿಂದ ಕಂಡಿತೋ ಇಲ್ಲವೋ ನನಗಂತೂ ಗೊತ್ತಿಲ್ಲ. ಅವರು ಮಾತ್ರ ಕಂಡಿತು ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮತ್ತೆ ಇಲ್ಲೇ ಇಳಿಸ್ಲಿಕ್ಕೆ ಹೇಳು ಮಾರಾಯ್ತಿ. ಮಂಗಳೂರಿಗೆ ಹೋಗಿ ಎಂತ ಮಾಡ್ಲಿಕ್ಕುಂಟು? ಬಸ್ಸಿನವನಾದ್ರೆ ಇಳಿಸ್ತಿದ್ದ."

ಬಜಪೆಯಿಂದ ಟ್ಯಾಕ್ಸಿ ಮಾಡಿಕೊಂಡು, ಬಂದ ದಿಕ್ಕಿಗೇ ವಾಪಸ್ ಹೊರಟೆವು. ಮಧ್ಯಾಹ್ನದ ಬಿಸಿಲು. ಕಲ್ಲಡ್ಕದಲ್ಲಿ ಚಹಾ ಕುಡಿಯಲೇಬೇಕು ಅಂತ ಅವರದೇ ಹಟ. ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೆರೆಯದೆ ಗಾಜಿನ ಲೋಟದಲ್ಲಿ ಬೇರೆ ಬೇರೆ ನಿಂತಿರುವ ಚಹಾ. ಅದನ್ನು ಕಲಸುತ್ತಾ, ವಿಮಾನದಲ್ಲಿ ಕೂತಿದ್ದಕ್ಕಿಂತ ಈ ಟ್ಯಾಕ್ಸಿಯಲ್ಲೇ ಜಾಸ್ತಿ ಹೊತ್ತು ಕೂತೆವಲ್ಲ ಅಂದರು. ಸರಿಯಾಗಿಯೇ ಹೇಳಿದರು.

ರೈಲಿನ ಬಗ್ಗೆ ಹೇಳದಿದ್ದರೆ ರೈಲುಪ್ರಿಯರು ಜಗಳಕ್ಕೆ ಬರುತ್ತಾರೆ. ನಾನು ಓದಲು ಬೆಂಗಳೂರಿಗೆ ಬಂದಾಗ ರೈಲೇ ಇರಲಿಲ್ಲ. 1979ರಲ್ಲಿ ಶುರುವಾಗಿದ್ದ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ನಮ್ಮ ಕಡೆಯ ಒಂದಿಡೀ ತಲೆಮಾರು ಶಿರಾಡಿಯ ಗುಂಡಿಗಳನ್ನು ಲೆಕ್ಕ ಹಾಕಿಕೊಂಡೇ ಡಿಗ್ರಿ ಮುಗಿಸಿತು. ಈಗ ಹಗಲಿನ ರೈಲಿದೆ, 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ಆ ಒಂದು ತುಂಡಿಗೇ ಎರಡು ಗಂಟೆಗೂ ಜಾಸ್ತಿ ಬೇಕು. ನೋಡಲು ಅಷ್ಟು ಚಂದ, ಆದರೆ ಶುಕ್ರವಾರ ಸಂಜೆ ಆಫೀಸು ಬಿಟ್ಟು ಶನಿವಾರ ಪೂಜೆಗೆ ಕೂರಬೇಕಾದವಳಿಗೆ ಅದು ಸರಿಹೋಗುವುದಿಲ್ಲ. ರಜೆ ಹಾಕಿ ಹೋಗುವವರಿಗೆ ಮಾತ್ರ.

2018ರ ಆಗಸ್ಟ್ ನೆನಪಿದೆಯಾ? ಘಟ್ಟದಲ್ಲಿ ಗುಡ್ಡ ಜರಿದು ಶಿರಾಡಿ ರಸ್ತೆ ಬಂದ್, ರೈಲು ಹಳಿಯ ಮೇಲೂ ಮಣ್ಣು. ಉಳಿದಿದ್ದು ವಿಮಾನ, ಅಥವಾ ಚಾರ್ಮಾಡಿಯೋ ಇನ್ನೊಂದೋ ಸುತ್ತು. ಆ ವಾರ ಟಿಕೆಟ್ ದರ ನೋಡಿ ನಮ್ಮ ಪಕ್ಕದ ಮನೆಯವರು "ಇಷ್ಟಕ್ಕೆ ದುಬೈಗೆ ಹೋಗಬಹುದು" ಅಂದಿದ್ದರು. ವಿಮಾನ ಕಂಪನಿಗೆ ದೂರ ಅಂದರೆ ಕಿಲೋಮೀಟರ್ ಅಲ್ಲ, ಬೇರೆ ದಾರಿ ಇದೆಯೋ ಇಲ್ಲವೋ ಅನ್ನುವುದು. ಬಸ್ಸು ಓಡುವಾಗ ಮಂಗಳೂರು ಹತ್ತಿರ. ಘಟ್ಟ ಮುಚ್ಚಿದ ದಿನ ಅದೇ ಮಂಗಳೂರು ಗಲ್ಫು.

ಇನ್ನೊಂದು ಸಣ್ಣ ವಿಷಯ, ಯಾರಿಗೂ ಉಪಯೋಗವಿಲ್ಲದ್ದು. ಗಡಿಯಾರ ಎರಡೂ ಊರಲ್ಲಿ ಒಂದೇ ಆದರೂ ಸೂರ್ಯನಿಗೆ ಹಾಗಲ್ಲ. ಬೆಂಗಳೂರಿಗಿಂತ ಮಂಗಳೂರು ಹತ್ತಿರ ಹತ್ತಿರ 2.8 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಅಲ್ಲಿ ಸೂರ್ಯ ಹನ್ನೊಂದು ನಿಮಿಷ ತಡವಾಗಿ ಹುಟ್ಟುತ್ತಾನೆ, ತಡವಾಗಿ ಮುಳುಗುತ್ತಾನೆ. ಸಂಜೆಯ ವಿಮಾನದಲ್ಲಿ ಪಶ್ಚಿಮಕ್ಕೆ ಹೋಗುವಾಗ ಈ ಹನ್ನೊಂದು ನಿಮಿಷ ನಿಮಗೆ ಸುಮ್ನೆ ಸಿಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಭೂಮಿ ಗಂಟೆಗೆ 1,600 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುತ್ತದೆ. ಜೆಟ್ಟು ಅದರ ಅರ್ಧದಷ್ಟು ವೇಗದಲ್ಲಿ ಪಶ್ಚಿಮಕ್ಕೆ ಓಡಿದರೆ ಸೂರ್ಯಾಸ್ತವೂ ಅರ್ಧಕ್ಕರ್ಧ ನಿಧಾನ. ಬೆಂಗಳೂರಲ್ಲಿ ಏರುವಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದ ಆಕಾಶ ಘಟ್ಟ ದಾಟಿದರೂ ಹಾಗೇ ಇರುತ್ತದೆ. ಮಗನಿಗೆ ಈ ಲೆಕ್ಕ ಮಾತ್ರ ಬಹಳ ಹಿಡಿಸಿತು. ಮೊದಲಿನ ವಾದದಲ್ಲಿ ಸೋತಿದ್ದನ್ನು ಮರೆತ.

ವಾಪಸ್ ಬರುವಾಗ ಈ ಹನ್ನೊಂದು ನಿಮಿಷ ಕಿತ್ತುಕೊಳ್ಳುತ್ತಾರೆ. ಸೋಮವಾರ ಬೆಳಿಗ್ಗೆ ಬಜಪೆಯ ಮೊದಲ ವಿಮಾನಕ್ಕೆ ಹೊರಡುವಾಗ ಕಿನ್ನಿಗೋಳಿಯಲ್ಲಿ ಇನ್ನೂ ಕತ್ತಲು. ಅಮ್ಮ ಬಾಳೆಎಲೆಯಲ್ಲಿ ಕಟ್ಟಿಕೊಟ್ಟ ಪತ್ರೊಡೆ ಬ್ಯಾಗಲ್ಲಿ ಬೆಚ್ಚಗಿರುತ್ತದೆ. ಆಮೇಲೆ ತಪಾಸಣೆಯವರು ಎಕ್ಸ್‌ರೇ ಪರದೆ ನೋಡಿ "ಇದೇನು?" ಅನ್ನುತ್ತಾರೆ. ಸ್ಥಳೀಯರಿದ್ದರೆ ನಕ್ಕು ಬಿಡುತ್ತಾರೆ. ಉತ್ತರದಿಂದ ಬಂದವರಿದ್ದರೆ ಬಿಚ್ಚಿ ತೋರಿಸಬೇಕು. ದೇವನಹಳ್ಳಿಯಲ್ಲಿ ಇಳಿದಾಗ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಬಂದಿರುತ್ತೇವೆ. ಬಜಪೆ ಗುಡ್ಡದ ಮೇಲಿದ್ದರೂ ನೂರು ಮೀಟರ್ ಅಷ್ಟೇ. ಬಾಗಿಲು ತೆಗೆದಾಗ ಆ ಒಣ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಒದ್ದೆ ಕೂದಲು ಅಲ್ಲಿಗೆ ಒಣಗಿತು. ವಾಯುವಜ್ರ ಹತ್ತಿ ಹೆಬ್ಬಾಳಕ್ಕೆ ಬರುವಾಗ ಸರಿಯಾಗಿ ಆಫೀಸಿನ ಹೊತ್ತು. ಎಂಟೂವರೆಗೆ ಬೆಂಗಳೂರಿನಲ್ಲಿ ಇಳಿದವಳು ಹನ್ನೊಂದಕ್ಕೆ ಜಯನಗರದ ಸೀಟಿನಲ್ಲಿ ಕೂತಾಗ ಮೇಲಧಿಕಾರಿ ಗಡಿಯಾರ ನೋಡುತ್ತಾರೆ. "ಫ್ಲೈಟಲ್ಲಿ ಬಂದಿದ್ದು ಅಲ್ವಾ, ಒಂದು ಗಂಟೆ ತಾನೆ?" ಅನ್ನುತ್ತಾರೆ.

ಮೆಟ್ರೋದ ನೀಲಿ ಮಾರ್ಗ ವಿಮಾನ ನಿಲ್ದಾಣಕ್ಕೆ ಮುಟ್ಟಿದ ದಿನ ಈ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ವ್ಯವಸ್ಥೆ ಹೀಗೆ: ಉಪ್ಪಿನಂಗಡಿಗಾದರೆ ರಾತ್ರಿ ಬಸ್ಸು. ಕಿನ್ನಿಗೋಳಿಗಾದರೆ ಶನಿವಾರ ಬೆಳಗಿನ ಮೊದಲ ವಿಮಾನ, ಶುಕ್ರವಾರ ಸಂಜೆಯದು ಎಷ್ಟೇ ಅಗ್ಗವಾಗಿದ್ದರೂ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಮಾರನೇ ದಿನವೇ ಕೆಲಸ ಇದ್ದರೆ ವಿಮಾನವನ್ನು ನಂಬುವುದಿಲ್ಲ, ಘಟ್ಟವನ್ನೂ ನಂಬುವುದಿಲ್ಲ, ಒಂದು ದಿನ ಮುಂಚೆಯೇ ಹೊರಡುತ್ತೇವೆ. ಈ ಸಲ ದೀಪಾವಳಿಗೆ ಹೋಗುವಾಗ ಬಸ್ಸು, ಬರುವಾಗ ವಿಮಾನ ಬುಕ್ ಮಾಡಿದ್ದೇನೆ. ಅತ್ತೆಯೂ ಜೊತೆಗೆ ಬರುತ್ತಾರಂತೆ, ಮೊಮ್ಮಗನ ಜೊತೆ ಹದಿನೈದು ದಿನ ಇರಲು. ಪೂರ್ವಕ್ಕೆ ಬರುವಾಗ ದಕ್ಷಿಣ ಬಲಗಡೆಗೆ ಬರುತ್ತದೆ. ಸೀಟು ಎಫ್ ತೆಗೆದುಕೊಂಡಿದ್ದೇನೆ.